ಗಾಡಿ ಮೇಲಲ್ಲ, ಮೈಮೇಲೆ

ಕಳೆದ ವಾರ ಚೈನಿಗೆ ಎಣ್ಣೆ ಹಾಕುವ ಪುರಾಣ ಮುಗಿಸುವಾಗ, ಈ ವಾರ ಟೂಲ್ ಬ್ಯಾಗಿನಲ್ಲಿ ಏನೇನಿರಬೇಕು ಅಂತ ಪಟ್ಟಿ ಕೊಡುತ್ತೇನೆ ಎಂದಿದ್ದೆ. ಬರೆಯಲು ಕೂತೆ. ಅರ್ಧ ಬರೆಯುವಷ್ಟರಲ್ಲಿ ಹಳೇ ಜಗಳವೊಂದು ನೆನಪಾಯಿತು. ಏನು ಒಯ್ಯಬೇಕು ಎಂಬ ಬಗ್ಗೆ ನಮ್ಮ ಕಡೆಯ ಬೈಕ್ ಸವಾರರಲ್ಲಿ ಅಂಥ ತಕರಾರೇನಿಲ್ಲ. ತಕರಾರಿರುವುದು ಅದನ್ನು ಎಲ್ಲಿ ಇಡಬೇಕು ಎಂಬಲ್ಲಿ. ಹಾಗಾಗಿ ಪಟ್ಟಿ ಸ್ವಲ್ಪ ಕಾಯಲಿ.

ಚಿತ್ರದುರ್ಗದಲ್ಲಿ ಈಗ ಎರಡು ಪಂಥಗಳಿವೆ. ಮೊದಲನೆಯದು ಪೆಟ್ಟಿಗೆ ಪಂಥ. ಹಿಮಾಲಯನ್ ಬೈಕಿನ ಎರಡೂ ಮಗ್ಗುಲಿಗೆ ಅಲ್ಯುಮಿನಿಯಂ ಪೆಟ್ಟಿಗೆ, ಹಿಂದೊಂದು, ಟ್ಯಾಂಕಿನ ಮೇಲೊಂದು, ಪಕ್ಕದಲ್ಲಿ ಕೆಂಪು ಪೆಟ್ರೋಲ್ ಕ್ಯಾನ್. ಲಡಾಖಿಗೆ ಹೊರಟ ಈ ಸವಾರಿ ಐಮಂಗಲದ ಹೋಟೆಲಿನಲ್ಲಿ ಇಡ್ಲಿ ತಿಂದು ವಾಪಸ್ ಬರುತ್ತದೆ. ಎರಡನೆಯದು ಬರಿಗೈ ಪಂಥ. ಸ್ಪ್ಲೆಂಡರ್, ಜೇಬಿನಲ್ಲಿ ಮೊಬೈಲು, ಕಾಲಲ್ಲಿ ಹವಾಯಿ ಚಪ್ಪಲಿ. ಎಚ್ಚರಿಸಿದರೆ ಇವರ ಉತ್ತರ ಸಿದ್ಧ: ‘ಓಬವ್ವನ ಹತ್ರ ಯಾವ ಕಿಟ್ ಇತ್ತು ಸಾರ್? ಒನಕೆ ಸಾಕಾಗ್ಲಿಲ್ವಾ?’ ದುರ್ಗದವರ ಮುಂದೆ ಓಬವ್ವನನ್ನು ತಂದರೆ ಮಾತು ಮುಗಿದಂತೆ ಅಂತ ಲೆಕ್ಕ. ಮುಗಿಯುವುದಿಲ್ಲ. ಓಬವ್ವ ನಿಂತಿದ್ದು ತನ್ನ ಮನೆ ಹತ್ತಿರದ ಕೋಟೆಯ ಕಿಂಡಿಯ ಬಳಿ. ಗಂಡ ಮನೆಯಲ್ಲೇ ಊಟಕ್ಕೆ ಕೂತಿದ್ದ. ಒನಕೆ ಅವಳು ದಿನವೂ ಹಿಡಿಯುತ್ತಿದ್ದದ್ದು. ನೀವು ಬಿದ್ದಿರುವುದು ಹೊಸದುರ್ಗದಾಚೆ ಗಾಳಿಯಂತ್ರದ ಗುಡ್ಡದ ಹಿಂದೆ, ಸಿಗ್ನಲ್ ಇಲ್ಲದ ಹಳ್ಳದಲ್ಲಿ.

ಬರಿಗೈ ಪಂಥದವರಿಗೆ ಬುದ್ಧಿ ಹೇಳುವುದು ಸುಲಭ, ಒಂದು ಜಾಲಿ ಮುಳ್ಳು ಸಾಕು. ನನ್ನ ನಿಜವಾದ ವ್ಯಾಜ್ಯ ಪೆಟ್ಟಿಗೆಯವರ ಜೊತೆ. ಅವರ ಹತ್ತಿರ ಎಲ್ಲವೂ ಇದೆ, ಆದರೆ ಎಲ್ಲವೂ ಗಾಡಿಯ ಮೇಲಿದೆ. ಮತ್ತೋಡು ಕಡೆಯ ಗುಡ್ಡದ ಮಣ್ಣು ರಸ್ತೆಯಲ್ಲಿ ಪರಿಚಿತರೊಬ್ಬರ ಮುಂದಿನ ಚಕ್ರ ಸಡಿಲ ಜಲ್ಲಿಯ ಮೇಲೆ ಜಾರಿತು. ಸವಾರ ರಸ್ತೆಯಂಚಿನಲ್ಲಿ ಉಳಿದರು, ಗಾಡಿ ಕೆಳಗಿನ ಕೊರಕಲಿಗೆ ಹೋಯಿತು. ಪಾದ ಉಳುಕಿ ಊದಿಕೊಂಡಿದೆ, ನಡುಮಧ್ಯಾಹ್ನ, ಏಪ್ರಿಲ್ ತಿಂಗಳು. ನೀರು, ಬ್ಯಾಂಡೇಜು, ಮಾತ್ರೆ, ಎಲ್ಲ ಪೆಟ್ಟಿಗೆಯಲ್ಲಿ ಭದ್ರ. ಪೆಟ್ಟಿಗೆಗೆ ಬೀಗ, ಬೀಗದ ಕೈ ಗಾಡಿಯ ಕೀ ಗೊಂಚಲಿನಲ್ಲಿ, ಗೊಂಚಲು ಕೊರಕಲಿನಲ್ಲಿ. ಕುರಿ ಹೊಡೆದುಕೊಂಡು ಬಂದ ಹುಡುಗನೊಬ್ಬ ಇಳಿದು ತಂದುಕೊಟ್ಟ.

ಹಿಮದ ನಾಡಿನವರು ಈ ಪಾಠವನ್ನು ನಮಗಿಂತ ಮೊದಲೇ ಕಲಿತಿದ್ದಾರೆ. ಗುಲ್ಮಾರ್ಗಿಗೆ ಹೋದ ನಮ್ಮವರು ಬಾಡಿಗೆಯ ಸ್ನೋಮೊಬೈಲ್ ಹತ್ತಿ ಒಂದು ಸುತ್ತು ಹೊಡೆದು ಫೋಟೋ ಹಾಕುತ್ತಾರಲ್ಲ, ಅದೇ ಯಂತ್ರವನ್ನು ಕೆನಡಾದ, ಅಮೆರಿಕದ ಪರ್ವತಗಳಲ್ಲಿ ರಸ್ತೆಯೇ ಇಲ್ಲದ ಕಡೆ ಓಡಿಸುವವರಿದ್ದಾರೆ. ಅಲ್ಲಿ ದೊಡ್ಡ ಭಯ ಹಿಮಕುಸಿತದ್ದು. ಅವರಿಗೆ ಮೂರು ವಸ್ತುಗಳಿಲ್ಲದೆ ಹೊರಡುವಂತಿಲ್ಲ: ಹೂತವರು ಎಲ್ಲಿದ್ದಾರೆಂದು ಸಂಕೇತ ಕೊಡುವ ಬೀಕನ್, ಹಿಮಕ್ಕೆ ಚುಚ್ಚಿ ಹುಡುಕುವ ಉದ್ದನೆಯ ಸಲಾಕೆ, ಅಗೆಯಲು ಸಲಿಕೆ. ಬೀಕನ್ ಎದೆಗೆ ಕಟ್ಟಿರುತ್ತದೆ, ಉಳಿದೆರಡು ಬೆನ್ನಿನ ಚೀಲದಲ್ಲಿ. ಯಂತ್ರಕ್ಕೆ ಕಟ್ಟುವುದನ್ನು ತರಬೇತಿ ಕೊಡುವವರು ಒಪ್ಪುವುದಿಲ್ಲ. ಹಿಮ ಕುಸಿದಾಗ ಯಂತ್ರ ಒಂದು ಕಡೆ ಹೋಗುತ್ತದೆ, ಮನುಷ್ಯ ಇನ್ನೊಂದು ಕಡೆ. ಹಿಮದ ಜಾಗದಲ್ಲಿ ಜಲ್ಲಿಕಲ್ಲನ್ನು ಇಟ್ಟು ನೋಡಿ, ಅದು ಮತ್ತೋಡಿನ ಕತೆಯೇ.

ಅವರಲ್ಲಿ ಅನೇಕರು ಉಪಗ್ರಹದ ಮೂಲಕ ಸಂದೇಶ ಕಳಿಸುವ ಪುಟ್ಟ ಯಂತ್ರವನ್ನೂ ಇಟ್ಟುಕೊಂಡಿರುತ್ತಾರೆ. ಅಮೆರಿಕದ ಮಗನಿಗೋ ಅಳಿಯನಿಗೋ ಹೇಳಿ ತರಿಸುವ ಯೋಚನೆಯಿದ್ದರೆ ಇಲ್ಲೇ ಬಿಡಿ. ನಮ್ಮ ದೇಶದಲ್ಲಿ ಅನುಮತಿಯಿಲ್ಲದೆ ಅದನ್ನು ಇಟ್ಟುಕೊಳ್ಳುವುದು ಅಪರಾಧ. ವಿಷಯ ತಿಳಿಯದೆ ತಂದ ವಿದೇಶಿ ಪ್ರವಾಸಿಗರು ವಿಮಾನ ನಿಲ್ದಾಣದಲ್ಲೇ ಸಿಕ್ಕಿಬಿದ್ದಿದ್ದಾರೆ. ನಮಗೆ ಜಾಕೆಟ್ಟಿನ ಜಿಪ್ಪಿಗೆ ಕಟ್ಟಿದ ಒಂದು ವಿಷಲ್ ಸಾಕು. ಗಂಟಲು ಒಣಗಿ ಕೂಗಲು ಆಗದಿದ್ದಾಗಲೂ ವಿಷಲ್ ಊದಬಹುದು. ಮೂರು ಸಲ ಊದಿ, ನಿಲ್ಲಿಸಿ, ಮತ್ತೆ ಮೂರು ಸಲ.

ಈಗ ನನ್ನ ಪ್ರೀತಿಯ ಪುಸ್ತಕದ ವಿಷಯ. ಹಳೆಯ ಓದುಗರು ‘ಬಂತಪ್ಪಾ ಪಿರ್ಸಿಗ್’ ಎಂದು ಪುಟ ತಿರುಗಿಸಬಾರದಾಗಿ ವಿನಂತಿ. ರಾಬರ್ಟ್ ಪಿರ್ಸಿಗ್‌ನ ‘ಝೆನ್ ಅಂಡ್ ದಿ ಆರ್ಟ್ ಆಫ್ ಮೋಟರ್‌ಸೈಕಲ್ ಮೆಂಟೆನೆನ್ಸ್’ ಬಂದಿದ್ದು 1974ರಲ್ಲಿ. ಅದನ್ನು ತತ್ವಶಾಸ್ತ್ರಕ್ಕಾಗಿ ಓದುವವರಿದ್ದಾರೆ. ನಾನು ಮತ್ತೆ ಮತ್ತೆ ಹೋಗುವುದು ನಾಲ್ಕನೇ ಅಧ್ಯಾಯಕ್ಕೆ. ಅಲ್ಲಿ ಅವನು ಕತೆಯನ್ನು ನಿಲ್ಲಿಸಿ, ಪ್ರಯಾಣಕ್ಕೆ ತಂದ ಸಾಮಾನಿನ ಪಟ್ಟಿ ಕೊಡುತ್ತಾನೆ. ಬಟ್ಟೆಬರೆ, ಸ್ವಂತದ ವಸ್ತುಗಳು, ಅಡುಗೆ ಮತ್ತು ಬಿಡಾರದ ಸಾಮಾನು, ಗಾಡಿಯ ಸಾಮಾನು ಎಂದು ಭಾಗ ಮಾಡಿ ಬರೆಯುತ್ತಾನೆ. ಟೈರ್ ಬಿಚ್ಚುವ ಲಿವರ್, ಪಂಕ್ಚರ್ ಕಿಟ್, ಸೈಕಲ್ ಪಂಪು, ಕ್ಲಚ್ ಮತ್ತು ಬ್ರೇಕ್ ಕೇಬಲ್, ಫ್ಯೂಸು, ಬಲ್ಬು, ಚೈನ್ ಲಾಕು, ಕಟ್ಟುವ ತಂತಿ. ಜೊತೆಗೆ ಮೂರು ಪುಸ್ತಕ, ಅದರಲ್ಲೊಂದು ಥೋರೋನ ‘ವಾಲ್ಡನ್’! ಐವತ್ತು ವರ್ಷ ಕಳೆದರೂ ಪಟ್ಟಿಯ ಮುಕ್ಕಾಲು ಭಾಗ ಇವತ್ತಿಗೂ ನಡೆಯುತ್ತದೆ. ಕಾಂಟ್ಯಾಕ್ಟ್ ಪಾಯಿಂಟು ಉಜ್ಜುವ ಅರ ಮಾತ್ರ ಬೇಡ. 2020ರ ಏಪ್ರಿಲ್‌ನಿಂದ ಬಿಎಸ್6 ಬಂದಮೇಲೆ ಹೆಚ್ಚುಕಡಿಮೆ ಎಲ್ಲ ಗಾಡಿಗೂ ಫ್ಯುಯೆಲ್ ಇಂಜೆಕ್ಷನ್. ಅನೇಕ ಗಾಡಿಗಳಿಗೆ ಕಿಕ್ಕರ್ ಕೂಡ ಹೋಗಿದೆ. ಬ್ಯಾಟರಿ ಪೂರ್ತಿ ಸತ್ತರೆ ಪೆಟ್ರೋಲ್ ಪಂಪು ಕೆಲಸ ಮಾಡುವುದಿಲ್ಲ, ತಳ್ಳಿ ಸ್ಟಾರ್ಟ್ ಮಾಡುವ ಆಸೆಯೂ ಬಿಟ್ಟಂತೆ. ಒಂದು ಮೊಳದ ಜಂಪರ್ ವೈರ್ ಸೇರಿಸಿಕೊಳ್ಳಿ.

ಅದೇ ಪುಸ್ತಕದಲ್ಲಿ ಇನ್ನೊಂದು ಪ್ರಸಂಗವಿದೆ. ಗೆಳೆಯನ ದುಬಾರಿ ಬಿಎಂಡಬ್ಲ್ಯು ಗಾಡಿಯ ಹ್ಯಾಂಡಲ್ ಸಡಿಲವಾಗಿ ಜಾರುತ್ತಿರುತ್ತದೆ. ಖಾಲಿ ಬಿಯರ್ ಕ್ಯಾನಿನ ತಗಡು ಕತ್ತರಿಸಿ ಸಂದಿಗೆ ಕೊಟ್ಟರೆ ಸರಿಹೋಗುತ್ತದೆ ಎಂದು ಪಿರ್ಸಿಗ್ ಹೇಳಿದರೆ ಗೆಳೆಯನ ಮುಖ ಬಾಡುತ್ತದೆ. ಜರ್ಮನ್ ಗಾಡಿಗೆ ಬಿಯರ್ ಕ್ಯಾನೇ? ಹೊಳಲ್ಕೆರೆ ರಸ್ತೆಯ ಯಾವ ಮೆಕ್ಯಾನಿಕ್ ಮುಂದೆಯಾದರೂ ಈ ಕತೆ ಹೇಳಿ, ‘ಅದ್ರಲ್ಲೇನೈತೆ ಸಾರ್’ ಅನ್ನುತ್ತಾನೆ. ನಮ್ಮ ಪೆಟ್ಟಿಗೆ ಪಂಥ ಆ ಗೆಳೆಯನ ವಂಶದ್ದು.

ಇಷ್ಟಾದರೂ ಪಿರ್ಸಿಗ್‌ನ ಪಟ್ಟಿ ಹಿರಿಯೂರಿಗೆ ಪೂರ್ತಿ ಒಗ್ಗುವುದಿಲ್ಲ. ಅವನಿಗೆ ಎರೆಮಣ್ಣು ಗೊತ್ತಿರಲಿಲ್ಲ. ವೇದಾವತಿಯ ಬಯಲಿನ ಎರೆಹೊಲದ ದಾರಿಯಲ್ಲಿ ಒಂದು ಹದ ಮಳೆ ಬಿದ್ದ ಮೇಲೆ ಗಾಡಿ ಇಳಿಸಿದವರಿಗೆ ಗೊತ್ತು. ಮಣ್ಣು ಟೈರಿಗೆ ಮೆತ್ತಿ, ಮಡ್‌ಗಾರ್ಡಿನ ಕೆಳಗೆ ತುಂಬಿ, ಚಕ್ರ ತಿರುಗುವುದೇ ನಿಂತುಬಿಡುತ್ತದೆ. ಎಂಜಿನ್ ಒದರುತ್ತದೆ, ಕ್ಲಚ್ ಸುಟ್ಟ ವಾಸನೆ ಬರುತ್ತದೆ, ಗಾಡಿ ಅಲುಗುವುದಿಲ್ಲ. ಇದಕ್ಕೆ ಮದ್ದು 10ರ ಸ್ಪ್ಯಾನರು ಮತ್ತು ಒಂದು ಗೇಣುದ್ದದ ಚಪ್ಪಟೆ ಕಡ್ಡಿ. ಮುಂದಿನ ಮಡ್‌ಗಾರ್ಡ್ ಬಿಚ್ಚಿ, ಮಣ್ಣು ಕೆರೆದು, ಕ್ಲಚ್ಚನ್ನು ತಣ್ಣಗಾಗಲು ಬಿಟ್ಟು ಹೊರಡಬೇಕು. ಮಾರಿಕಣಿವೆಯ ಹಿನ್ನೀರಿನ ಅಂಚಿಗೆ ಹೋಗುವವರಿಗಂತೂ ಇದು ಕಡ್ಡಾಯ. 1933ರಲ್ಲಿ ತುಂಬಿದ್ದ ಅಲ್ಲಿನ ವಾಣಿವಿಲಾಸ ಸಾಗರ ಮತ್ತೆ ಕೋಡಿ ಬಿದ್ದಿದ್ದು 2022ರಲ್ಲಿ. ಎಂಬತ್ತೊಂಬತ್ತು ವರ್ಷ ಒಣಗಿದ್ದ ಅಂಚುಗಳಿಗೆ ಈಗ ನೀರು ಬಂದಿದೆ. ಹಳೆಯ ದಾರಿಯ ನೆನಪನ್ನು ನಂಬಿ ಗಾಡಿ ಇಳಿಸಬೇಡಿ.

ಮುಳ್ಳಿನ ಬಗ್ಗೆ ಒಂದೇ ಮಾತು. ಟ್ಯೂಬ್‌ಲೆಸ್ ಆದರೆ ಬತ್ತಿ ಕಿಟ್, ಟ್ಯೂಬ್ ಟೈರಾದರೆ ಮುಂದಿನ 21 ಇಂಚಿನ ಟ್ಯೂಬ್ ಒಂದೇ ಸಾಕು. ಹಿಂದಿನ ಚಕ್ರಕ್ಕೂ ಅದನ್ನು ತುರುಕಿ ಊರು ಸೇರಬಹುದು. ಮಿಕ್ಕಿದ್ದು ನಿಮಗೆ ಗೊತ್ತು.

ಹಾವಿನ ಬಗ್ಗೆ ಒಂದು ಮಾತು ಸಾಲದು. ನಮ್ಮ ಕಲ್ಲುಗುಡ್ಡಗಳಲ್ಲಿ ಕೊಳಕುಮಂಡಲವೂ ಇದೆ, ನಾಗರವೂ ಇದೆ. ಪೆಟ್ಟಿಗೆ ಪಂಥದ ಗೆಳೆಯರೊಬ್ಬರು ಆನ್‌ಲೈನಿನಲ್ಲಿ ತರಿಸಿದ ವಿಷ ಹೀರುವ ಪಿಚಕಾರಿಯನ್ನು ಹೆಮ್ಮೆಯಿಂದ ತೋರಿಸಿದರು. ಅದನ್ನು ಮಕ್ಕಳಿಗೆ ಆಡಲು ಕೊಡಿ. ಕೊಯ್ಯಬಾರದು, ಹೀರಬಾರದು, ಬಿಗಿಯಾಗಿ ಹಗ್ಗ ಕಟ್ಟಬಾರದು. ಕಚ್ಚಿದ ಕೈಯನ್ನೋ ಕಾಲನ್ನೋ ಅಲುಗಾಡದಂತೆ ದಬ್ಬೆ ಕಟ್ಟಿ, ಉಂಗುರ, ಬೂಟು ಬಿಚ್ಚಿ, 108ಕ್ಕೆ ಕರೆ ಮಾಡಿ ಆಸ್ಪತ್ರೆ ಸೇರಿಸಬೇಕು. ಮದ್ದು ಇರುವುದು ಅಲ್ಲಿ ಮಾತ್ರ, ಸರ್ಕಾರಿ ಆಸ್ಪತ್ರೆಯಲ್ಲಿ ಅದು ಉಚಿತ. ಹಾವು ಕಡಿತದ ಪ್ರಕರಣಗಳನ್ನು ಕಡ್ಡಾಯವಾಗಿ ವರದಿ ಮಾಡಬೇಕೆಂದು ನಮ್ಮ ರಾಜ್ಯ 2024ರಲ್ಲೇ ಆದೇಶಿಸಿದೆ. ಸವಾರನ ಬಳಿ ಬೇಕಾದದ್ದು ಒಂದು ಕ್ರೇಪ್ ಬ್ಯಾಂಡೇಜು ಮತ್ತು ಗಾಬರಿಯಾಗದ ಜೊತೆಗಾರ. ಒಬ್ಬರೇ ಗುಡ್ಡಕ್ಕೆ ಹೋಗುವವರ ಜೊತೆ ನನಗೆ ಮಾತೇ ಇಲ್ಲ.

ಮೈಮೇಲೆ ಸಾಮಾನು ಹೊತ್ತು ಬದುಕುವುದನ್ನು ಕೆನಡಾದವರಿಂದಲೇ ಕಲಿಯಬೇಕಿಲ್ಲ. ಹಿರಿಯೂರು ಸೀಮೆಯ ಗೊಲ್ಲರಹಟ್ಟಿಗಳ ಕಡೆ, ಹೊಸದುರ್ಗದ ಕಾವಲುಗಳಲ್ಲಿ ಕುರಿ ಕಾಯುವವರನ್ನು ನೋಡಿ. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಸೊಪ್ಪು ಕೊಯ್ಯುವ ದೋಟಿ, ಬಗಲಲ್ಲಿ ನೀರು, ಟವೆಲ್ಲಿನಲ್ಲಿ ಬುತ್ತಿ. ಕುರಿ ಎಲ್ಲಿ ಹೋದರೂ, ಮಳೆ ಎಲ್ಲಿ ಹಿಡಿದರೂ ಅವರ ಸಂಸಾರ ಅವರ ಮೈಮೇಲೇ ಇರುತ್ತದೆ. ಆ ಕಂಬಳಿಯ ಕೆಲಸಗಳನ್ನು ಯೋಚಿಸಿ: ಮಳೆಗೆ ಕೊಪ್ಪೆ, ಬಿಸಿಲಿಗೆ ನೆರಳು, ರಾತ್ರಿಗೆ ಹಾಸಿಗೆ, ಈಗಷ್ಟೇ ಹುಟ್ಟಿದ ಮರಿಗೆ ತೊಟ್ಟಿಲು. ದಖನಿ ಕುರಿಯ ಒರಟು ಉಣ್ಣೆ ನೆಂದರೂ ಬೆಚ್ಚಗಿಡುತ್ತದೆ, ಹತ್ತಿ ಬಟ್ಟೆಗೆ ಆ ಗುಣವಿಲ್ಲ. 1964ರಲ್ಲಿ ನಾಸಾದವರು ಮಾಡಿದ ಬೆಳ್ಳಿ ಹಾಳೆಯ ಹೊದಿಕೆಯನ್ನು ಈಗ ಎಲ್ಲ ಕಿಟ್ಟಿನಲ್ಲೂ ಮಡಿಸಿ ಇಡುತ್ತಾರೆ. ಅಂಗೈಯಷ್ಟೇ ಆಗುತ್ತದೆ, ನಾನೂ ಇಟ್ಟುಕೊಂಡಿದ್ದೇನೆ. ಆದರೆ ಕಾರೆ ಮುಳ್ಳಿನ ಪೊದೆಯ ಪಕ್ಕ ಅದನ್ನು ಬಿಚ್ಚಿದರೆ ಐದು ನಿಮಿಷದಲ್ಲಿ ಚಿಂದಿ. ಡಿಸೆಂಬರಿನ ಗುಡ್ಡದ ಗಾಳಿಗೆ ಕಂಬಳಿಯೇ ಸೈ. ಸೀಟಿನ ಹಿಂದೆ ಕಟ್ಟಬೇಡಿ, ಹೆಗಲಿಗೆ ಹಾಕಿ. ನೋಡಿದವರು ನಗುತ್ತಾರೆ, ನಗಲಿ.

ಹಾಗೆಂದು ಎಲ್ಲವನ್ನೂ ಬೆನ್ನಿಗೆ ಹೇರಬೇಡಿ. ಸ್ಪ್ಯಾನರು, ಲಿವರಿನಂಥ ಕಬ್ಬಿಣವನ್ನು ಬೆನ್ನುಚೀಲದಲ್ಲಿಟ್ಟು ಬೆನ್ನಡಿಯಾಗಿ ಬಿದ್ದರೆ ಬೆನ್ನುಮೂಳೆಗೇ ಏಟು. ಕಬ್ಬಿಣ ಗಾಡಿಯ ಮೇಲಿರಲಿ. ಎರಡು ಲೀಟರ್ ನೀರು, ಒಆರ್‌ಎಸ್ ಪೊಟ್ಟಣ, ಶೇಂಗಾ ಚಿಕ್ಕಿ, ಬ್ಯಾಂಡೇಜು, ಟಾರ್ಚು, ಲೈಟರು, ವಿಷಲ್, ಚಾರ್ಜ್ ತುಂಬಿದ ಮೊಬೈಲು, ರಕ್ತದ ಗುಂಪು ಮತ್ತು ಮನೆಯ ನಂಬರು ಬರೆದ ಚೀಟಿ ಮೈಮೇಲಿರಲಿ. ಒಆರ್‌ಎಸ್ ಇಲ್ಲದಿದ್ದರೆ ಒಂದು ಲೀಟರ್ ನೀರಿಗೆ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಚಮಚ ಟೀ ಚಮಚ, ತಲೆ ಮಟ್ಟ ಮಾಡಿದ್ದು.

ಇನ್ನೊಂದು ವಿಷಯ. ಜೋಗಿಮಟ್ಟಿ ವನ್ಯಧಾಮ, ಅಲ್ಲಿ ಅರಣ್ಯ ಇಲಾಖೆ ಬಿಟ್ಟ ರಸ್ತೆ ಬಿಟ್ಟು ಗಾಡಿ ಇಳಿಸುವಂತಿಲ್ಲ. ಕರಡಿ, ಚಿರತೆಗಳ ಜಾಗ ಅದು. ಗಾಳಿಯಂತ್ರದ ರಸ್ತೆಗಳಿಗೂ ಕಾವಲಿನವರನ್ನು ಕೇಳಿಯೇ ಹೋಗಿ. ಕೇಳಿದರೆ ನೀವು ಒಳಗಿದ್ದೀರೆಂದು ಒಬ್ಬರಿಗಾದರೂ ಗೊತ್ತಿರುತ್ತದೆ. ಮನೆಯಲ್ಲೂ ಯಾವ ದಾರಿ, ಎಷ್ಟು ಹೊತ್ತಿಗೆ ವಾಪಸ್ ಎಂದು ಹೇಳಿ ಹೊರಡಿ. ಪಟ್ಟಿಯ ಉಳಿದರ್ಧ ಮುಂದಿನ ವಾರ, ಬ್ರೇಕ್ ಪ್ಯಾಡಿನ ಜೊತೆಗೆ.