ವಾರಸುದಾರರಿಲ್ಲದ ಬ್ಯಾಟರಿ

ವೇಪ್ ಅರ್ಥಾತ್ ಇ-ಸಿಗರೇಟ್ ಎಂದರೆ ನಮ್ಮಲ್ಲಿ ಮಾತೆಲ್ಲ ನಿಕೋಟಿನ್‌ನದು, ಕಾಲೇಜು ಹುಡುಗರದು. ಅದು ಆಡಬೇಕಾದ ಮಾತೇ. ಆದರೆ ಆ ಕೊಳವೆಯೊಳಗೆ ಒಂದು ಲಿಥಿಯಂ ಸೆಲ್ ಇದೆ. ಅದನ್ನು ತುಟಿಗಿಟ್ಟು ಎಳೆಯುತ್ತಾರೆ, ಮತ್ತೆ ಪ್ಯಾಂಟಿನ ಜೇಬಿಗೆ ಇಳಿಸುತ್ತಾರೆ ಎಂಬುದನ್ನು ಯಾರೂ ಎತ್ತುವುದಿಲ್ಲ. ಕರ್ನಾಟಕ ಸರ್ಕಾರ 2016ರಲ್ಲೇ ಇ-ಸಿಗರೇಟ್ ಮಾರಾಟವನ್ನು ನಿಷೇಧಿಸಿತು. 2019ರ ಸೆಪ್ಟೆಂಬರ್‌ನಲ್ಲಿ ಕೇಂದ್ರದ ಸುಗ್ರೀವಾಜ್ಞೆ ಬಂತು, ಡಿಸೆಂಬರ್‌ನಲ್ಲಿ ಅದೇ ಕಾಯ್ದೆಯಾಯಿತು. ಮಾರುವವರು ಮೊದಲ ಸಲ ಸಿಕ್ಕಿಬಿದ್ದರೆ ಒಂದು ವರ್ಷದವರೆಗೆ ಜೈಲು, ಇಲ್ಲವೇ 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಆದರೂ ಶನಿವಾರ ರಾತ್ರಿ ಬೆಂಗಳೂರಿನ ಇಂದಿರಾನಗರದ 100 ಅಡಿ ರಸ್ತೆಯಲ್ಲಿ ನಡೆದರೆ ಮಾವು, ಪುದೀನದ ವಾಸನೆಯ ಹೊಗೆ ಮೂಗಿಗೆ ಬಡಿಯುತ್ತದೆ. ಹಾಗಾಗಿ ಈ ವಸ್ತುವನ್ನು ಚಟವಾಗಿ ಮಾತ್ರವಲ್ಲ, ವಿದ್ಯುತ್ ಉಪಕರಣವಾಗಿಯೂ ತೂಗಿ ನೋಡಬೇಕಾಗಿದೆ.

ಹವ್ಯಾಸಿಗಳು ‘ಮಾಡ್’ ಎನ್ನುವ ದೊಡ್ಡ ಸಾಧನದಿಂದಲೇ ಶುರು ಮಾಡೋಣ. ಅದರಲ್ಲೊಂದು ಪುಟ್ಟ ಪರದೆ, ವ್ಯಾಟ್ ಏರಿಸಲು ಇಳಿಸಲು ಎರಡು ಗುಂಡಿ. ವ್ಯಾಟ್ ಏರಿಸಿದರೆ ಹೊಗೆ ದಟ್ಟವಾಗುತ್ತದೆ ಎಂಬುದಷ್ಟೇ ಬಳಸುವವರಿಗೆ ಗೊತ್ತು. ಒಳಗಿನ ಕಥೆ ಬೇರೆ. ಸೆಲ್ ಪೂರ್ತಿ ಚಾರ್ಜ್ ಆದಾಗ 4.2 ವೋಲ್ಟ್ ಇರುತ್ತದೆ. ಆಗ 80 ವ್ಯಾಟ್ ಬೇಕೆಂದರೆ ಅದರಿಂದ ಸುಮಾರು 19 ಆಂಪಿಯರ್ ಎಳೆದರೆ ಸಾಕು. ಬಳಸುತ್ತ ಬಳಸುತ್ತ ವೋಲ್ಟೇಜ್ 3.2ಕ್ಕೆ ಕುಸಿದಾಗಲೂ ಸರ್ಕ್ಯೂಟ್ 80 ವ್ಯಾಟನ್ನೇ ಕೇಳುತ್ತದೆ. ಈಗ 25 ಆಂಪಿಯರ್ ಎಳೆಯಬೇಕು, ಸರ್ಕ್ಯೂಟಿನಲ್ಲಿ ಸೋರುವುದು ಬೇರೆ. 20 ಆಂಪಿಯರ್ ತಾಳುವ ಸೆಲ್ ಹಾಕಿದ್ದರೆ ಅದರ ಮಿತಿ ಮೀರಿಹೋಯಿತು. ತುಂಬಿದ ಬ್ಯಾಟರಿಗಿಂತ ಖಾಲಿಯಾಗುತ್ತ ಬಂದ ಬ್ಯಾಟರಿಯ ಮೇಲೆ ಒತ್ತಡ ಹೆಚ್ಚು ಎಂಬ ಈ ಸಂಗತಿಯನ್ನು ಪರದೆ ಹೇಳುವುದಿಲ್ಲ. ಅಲ್ಲಿ ಕಾಣುವುದು 80 ಎಂಬ ಅಂಕಿ ಮಾತ್ರ.

ಸರ್ಕ್ಯೂಟೇ ಇಲ್ಲದ ಮೆಕ್ಯಾನಿಕಲ್ ಮಾಡ್ ಇದಕ್ಕಿಂತ ಘೋರ. ಅಲ್ಲಿ ಎಷ್ಟು ಕರೆಂಟ್ ಹರಿಯಬೇಕೆಂದು ತೀರ್ಮಾನಿಸುವುದು ದ್ರವ ಕಾಯಿಸುವ ಕಾಯಿಲ್‌ನ ರೋಧವೊಂದೇ. ತುಂಬಿದ ಸೆಲ್ಲಿಗೆ 0.5 ಓಮ್ ಇದ್ದರೆ 8.4 ಆಂಪಿಯರ್, ಶೋಕಿಗೆಂದು 0.1 ಓಮ್‌ಗೆ ಇಳಿಸಿದರೆ 42 ಆಂಪಿಯರ್. ಹತ್ತನೇ ತರಗತಿಯ ಓಮ್ ನಿಯಮ ನೆನಪಿದ್ದವರಿಗೆ ಈ ಲೆಕ್ಕ ಕಷ್ಟವಲ್ಲ.

ಸಾಧನದ ಪರವಾಗಿಯೂ ಹೇಳಬೇಕಾದ್ದಿದೆ. ಒಳ್ಳೆಯ ಮಾಡ್‌ಗಳಲ್ಲಿ ಶಾರ್ಟ್ ಆದರೆ ಕರೆಂಟ್ ಕಡಿಯುವ ವ್ಯವಸ್ಥೆ ಇದೆ, ಐದು ಸಲ ಒತ್ತಿದರೆ ಬೀಗ ಬೀಳುವ ಗುಂಡಿ ಇದೆ, ಒತ್ತಡ ಹೊರಹೋಗಲು ರಂಧ್ರಗಳಿವೆ. ಆದರೆ ಈ ಜಾಣ್ಮೆಯೆಲ್ಲ ಸೆಲ್ ಸಾಧನದೊಳಗೆ ಇರುವವರೆಗೆ ಮಾತ್ರ. ಹೆಬ್ಬೆರಳಿನ ಗಾತ್ರದ 18650 ಸೆಲ್ಲನ್ನು ಹೊರತೆಗೆದು ನೋಡಿ: ಇಡೀ ಲೋಹದ ಮೈ ಋಣ ಧ್ರುವ, ತಲೆಯ ನಡುವಿನ ಗುಂಡಿ ಮಾತ್ರ ಧನ ಧ್ರುವ. ನಡುವೆ ಇರುವುದು ತೆಳು ಪ್ಲಾಸ್ಟಿಕ್ ಹೊದಿಕೆ, ಒಂದು ಕಾಗದದ ಬಳೆ. ಹೊದಿಕೆ ಹರಿದ ಸೆಲ್ ಜೇಬಿನಲ್ಲಿ ಬೀಗದ ಕೈಗೋ ಚಿಲ್ಲರೆಗೋ ತಾಗಿದರೆ ಅಲ್ಲೇ ಶಾರ್ಟ್. 2009ರಿಂದ 2016ರವರೆಗೆ ಪತ್ರಿಕೆಗಳಲ್ಲಿ ವರದಿಯಾದ ಇ-ಸಿಗರೇಟಿನ 195 ಬೆಂಕಿ, ಸ್ಫೋಟಗಳನ್ನು ಅಮೆರಿಕದ ಅಗ್ನಿಶಾಮಕ ಆಡಳಿತ ಪಟ್ಟಿ ಮಾಡಿತು. ಹೆಚ್ಚಿನವು ನಡೆದದ್ದು ಸಾಧನವೋ ಬಿಡಿ ಬ್ಯಾಟರಿಯೋ ಜೇಬಿನಲ್ಲಿದ್ದಾಗ, ಇಲ್ಲವೇ ಸಾಧನವನ್ನು ಬಳಸುತ್ತಿದ್ದಾಗ.

ಈಗ ಇದೇ ರಸಾಯನ ಇದೇ ಬೀದಿಗಳಲ್ಲಿ ಬೇರೆ ರೂಪದಲ್ಲಿ ಹೇಗೆ ಓಡಾಡುತ್ತಿದೆ ನೋಡಿ. ಹಲಸೂರಿನಿಂದ ಕೆ.ಆರ್.ಪುರದವರೆಗೆ ಊಟದ ಪೊಟ್ಟಣ ಹೊತ್ತು ಓಡುವ ಎಲೆಕ್ಟ್ರಿಕ್ ಸ್ಕೂಟರಿನ ಸೀಟಿನಡಿ ಇರುವುದೂ ಲಿಥಿಯಂ ಸೆಲ್ಲೇ. 2022ರ ಬೇಸಿಗೆಯಲ್ಲಿ ದೇಶದ ಹಲವೆಡೆ ಸ್ಕೂಟರ್‌ಗಳು ಹೊತ್ತಿ ಉರಿದಾಗ ಸರ್ಕಾರ ಬ್ಯಾಟರಿ ಸುರಕ್ಷತೆಯ ಎಐಎಸ್-156 ಮಾನದಂಡವನ್ನು ಬಿಗಿಗೊಳಿಸಿ, ಆ ವರ್ಷದ ಡಿಸೆಂಬರ್‌ನಿಂದ ಎರಡು ಹಂತಗಳಲ್ಲಿ ಜಾರಿಗೆ ತಂದಿತು. ಶಿವಾಜಿನಗರದ ಅಂಗಡಿಯಲ್ಲಿ ಪವರ್ ಬ್ಯಾಂಕ್ ಕೊಂಡರೆ ಬೆನ್ನಿನ ಮೇಲೆ ಆರ್ ಅಕ್ಷರದಿಂದ ಶುರುವಾಗುವ ಬಿಐಎಸ್ ನೋಂದಣಿ ಸಂಖ್ಯೆಯನ್ನು ಹುಡುಕಿ ನೋಡಬಹುದು. ಕೆಟ್ಟರೆ ಕೇಳಲು ಒಂದು ಕಂಪನಿಯ ಹೆಸರಿದೆ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ, ಸತ್ತ ಬ್ಯಾಟರಿಯನ್ನು ಸಂಗ್ರಹಿಸಿ ವಿಲೇವಾರಿ ಮಾಡುವ ಹೊಣೆಯೂ ತಯಾರಕರದೇ.

ವೇಪ್‌ಗೆ ಇದೊಂದೂ ಅನ್ವಯಿಸುವುದಿಲ್ಲ. ಕಾನೂನಿನ ಕಣ್ಣಿನಲ್ಲಿ ಅದಕ್ಕೆ ತಯಾರಕನೂ ಇಲ್ಲ, ಆಮದುದಾರನೂ ಇಲ್ಲ. ಕಳ್ಳದಾರಿಯಲ್ಲಿ ಬಂದ ಸೆಲ್ಲಿನ ಮೇಲೆ 30 ಆಂಪಿಯರ್ ಎಂದು ಅಚ್ಚಾಗಿದ್ದರೆ ಅದನ್ನು ಪರೀಕ್ಷಿಸಿದವರು ಯಾರು? ಸೇದಿ ಎಸೆಯುವ ವೇಪ್‌ನಲ್ಲಂತೂ ಪರದೆ, ಗುಂಡಿ ಯಾವುದೂ ಇಲ್ಲದಿರಬಹುದು, ಆದರೆ ಒಳಗಿನ ಸೆಲ್ ಮತ್ತೆ ಮತ್ತೆ ಚಾರ್ಜ್ ಆಗಬಲ್ಲದು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು 2023ರಲ್ಲಿ ಇದನ್ನು ತೋರಿಸಿಕೊಟ್ಟರು. ಬ್ರಿಟನ್ 2025ರ ಜೂನ್‌ನಲ್ಲಿ ಅಂಥವುಗಳ ಮಾರಾಟವನ್ನೇ ನಿಲ್ಲಿಸಿತು. ನಮ್ಮಲ್ಲಿ ಅದು ಒಣಕಸದ ಚೀಲದಲ್ಲೋ ಕೆಂಪು ಬುಟ್ಟಿಯಲ್ಲೋ ಸದ್ದಿಲ್ಲದೆ ಸೇರಿ, ಕಸ ಒತ್ತುವ ಲಾರಿಯಲ್ಲಿ ಜಜ್ಜಿಹೋಗುತ್ತದೆ. ಬೆಂಕಿ ಹತ್ತಿದರೆ ಸುಡುವುದು ಸೇದಿದವನ ಕೈಯಲ್ಲ, ಕಸ ಬೇರ್ಪಡಿಸುವವರ ಕೈ.

ಇದರಿಂದ ನಿಷೇಧ ತೆಗೆಯಬೇಕೆಂಬ ವಾದ ಹುಟ್ಟಬೇಕಿಲ್ಲ. ಎಳೆಯರ ಶ್ವಾಸಕೋಶದ ಲೆಕ್ಕದಲ್ಲಿ ಕಾಯ್ದೆ ಸರಿಯಾಗಿಯೇ ಇದೆ. ಅದರ ಕೊರತೆ ಇರುವುದು ಈಗಾಗಲೇ ಮನೆಗಳಲ್ಲಿರುವ ಬ್ಯಾಟರಿಗಳ ವಿಷಯದಲ್ಲಿ. ದಾಸ್ತಾನು ಇದ್ದವರು ಅದನ್ನು ಅಧಿಕೃತ ಅಧಿಕಾರಿಯ ಹತ್ತಿರದ ಕಚೇರಿಗೆ ಒಪ್ಪಿಸಬೇಕೆಂದು ಕಾಯ್ದೆ ಹೇಳುತ್ತದೆ; ಆ ಅಧಿಕಾರಿ ಪೊಲೀಸರೂ ಆಗಿರಬಹುದು. ಸೇದಿ ಮುಗಿದ ಒಂದು ವೇಪ್ ಹಿಡಿದು ಯಾವ ಹುಡುಗ ಹಲಸೂರು ಠಾಣೆಯ ಮೆಟ್ಟಿಲು ಹತ್ತುತ್ತಾನೆ? ವಾರ್ಡಿನ ಒಣಕಸ ಕೇಂದ್ರದಲ್ಲಿ ಹೆಸರು, ವಿಳಾಸ ಕೇಳದೆ ಇವನ್ನು ಪಡೆಯುವ ಒಂದು ಲೋಹದ ಡಬ್ಬಿ ಇಡುವುದಕ್ಕೆ ಹೊಸ ಕಾಯ್ದೆ ಬೇಕಿಲ್ಲ. ಕೊಟ್ಟವರ ಮೇಲೆ ಕೇಸು ಹಾಕುವುದಿಲ್ಲವೆಂಬ ಸರ್ಕಾರದ ಒಂದು ಮಾತು ಸಾಕು. ಅಲ್ಲಿಯವರೆಗೆ ಕೊಡುವವರು ಸೆಲ್ಲಿನ ಎರಡೂ ತುದಿಗೆ ಟೇಪ್ ಸುತ್ತಿ ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೇ ಕೊಡಲಿ. ಮಾರುವವನನ್ನು ಹಿಡಿಯುವಷ್ಟೇ ಶ್ರದ್ಧೆ ಈ ಸೆಲ್ಲನ್ನು ಹಿಂಪಡೆಯುವುದರಲ್ಲೂ ಇದ್ದಾಗ ಮಾತ್ರ ನಿಷೇಧದ ಕೆಲಸ ಪೂರ್ತಿಯಾಗುತ್ತದೆ.