ಒಂದರ ಬೆನ್ನಿಗೆ ಇನ್ನೊಂದು

2025ರಲ್ಲಿ ನಾನು ಏನು ಓದಬೇಕೆಂಬುದನ್ನು ಬಹುಪಾಲು ಸುದ್ದಿಯೇ ತೀರ್ಮಾನಿಸಿತು. ಮೇ ತಿಂಗಳಲ್ಲಿ ‘ಹಾರ್ಟ್ ಲ್ಯಾಂಪ್’ ಕಥಾಸಂಕಲನಕ್ಕಾಗಿ ಬಾನು ಮುಷ್ತಾಕ್ ಮತ್ತು ಅನುವಾದಕಿ ದೀಪಾ ಭಾಸ್ತಿ ಅವರಿಗೆ ಅಂತರರಾಷ್ಟ್ರೀಯ ಬೂಕರ್ ಬಂತು. ಸೆಪ್ಟೆಂಬರಿನಲ್ಲಿ ಎಸ್.ಎಲ್. ಭೈರಪ್ಪ ತೀರಿಕೊಂಡರು. ಪ್ರಶಸ್ತಿ ಬಂದಾಗ ಕೊಳ್ಳುವುದು, ಲೇಖಕರು ಹೋದಾಗ ಕಪಾಟಿನಿಂದ ಇಳಿಸುವುದು ನಮ್ಮ ಹಳೇ ಚಾಳಿ. ನಾನೂ ಅದಕ್ಕೆ ಹೊರತಲ್ಲ. ಆದರೆ ಏನು ಓದಿದೆ ಅನ್ನುವುದಕ್ಕಿಂತ, ಯಾವುದರ ಬೆನ್ನಿಗೆ ಯಾವುದನ್ನು ಓದಿದೆ ಅನ್ನುವುದೇ ಈ ವರ್ಷ ನನ್ನ ಅಭಿಪ್ರಾಯಗಳನ್ನು ಅಲುಗಾಡಿಸಿತು. ‘ಇಷ್ಟು ಪುಸ್ತಕ ಮುಗಿಸಿದೆ’ ಎಂಬ ಡಿಸೆಂಬರಿನ ಪಟ್ಟಿಗಳಲ್ಲಿ ಈ ಸಂಗತಿಗೆ ಜಾಗವೇ ಇರುವುದಿಲ್ಲ.

ಭೈರಪ್ಪನವರ ‘ಪರ್ವ’ವನ್ನು ಮತ್ತೆ ಓದಿ ಮುಗಿಸಿದವನೇ ಯಶವಂತ ಚಿತ್ತಾಲರ ‘ಶಿಕಾರಿ’ ಹಿಡಿದೆ. ಎರಡೂ 1979ರ ಕಾದಂಬರಿಗಳು, ಎರಡೂ ಪಾತ್ರಗಳ ತಲೆಯೊಳಗಿನ ಮಾತಿನಲ್ಲೇ ನಡೆಯುವಂಥವು. ಆದರೂ ಒಂದರ ಅಭಿಮಾನಿಗಳು ಇನ್ನೊಂದರ ಕಡೆ ಸುಳಿಯುವುದು ಕಡಿಮೆ.

‘ಪರ್ವ’ ಶುರುವಾಗುವುದು ಹಸ್ತಿನಾವತಿಯಲ್ಲಲ್ಲ, ಮದ್ರದಲ್ಲಿ. ಯುದ್ಧದ ಸುದ್ದಿ ಬರುವ ಹೊತ್ತಿಗೆ ಮುದುಕ ಶಲ್ಯನ ತಲೆ ತಿನ್ನುತ್ತಿರುವುದು ಮೊಮ್ಮಗಳ ಮದುವೆ, ಕನ್ಯಾಶುಲ್ಕದ ತಕರಾರು. ವರ, ಶಾಪ, ಪವಾಡಗಳನ್ನೆಲ್ಲ ಕಳಚಿಟ್ಟು ಮಹಾಭಾರತವನ್ನು ಮನೆವಾರ್ತೆಯ ಬಾಗಿಲಿನಿಂದ ಒಳಗೆ ಕರೆದ ಧೈರ್ಯ ಈಗಲೂ ದೊಡ್ಡದೇ. ಮುಂದೆ ಕುಂತಿ, ಭೀಮ, ದ್ರೌಪದಿ, ಕರ್ಣ ಸರದಿಯಂತೆ ಯೋಚನೆಗೆ ಕೂರುತ್ತಾರೆ. ನೆನಪು ಅವರವರದು, ತರ್ಕ ಮಾತ್ರ ಒಬ್ಬರದೇ. ಪ್ರತಿಯೊಬ್ಬರೂ ತಾವೇ ಆಕ್ಷೇಪ ಎತ್ತಿ, ತಾವೇ ಉತ್ತರ ಹೇಳಿಕೊಂಡು, ತತ್ತ್ವಶಾಸ್ತ್ರದ ಮೇಷ್ಟರ ಹಾಗೆ ಒಂದು ನಿರ್ಣಯಕ್ಕೆ ಬರುತ್ತಾರೆ.

‘ಶಿಕಾರಿ’ಯಲ್ಲಿ ಇದು ಉಲ್ಟಾ. ಮುಂಬಯಿಯ ಕಂಪನಿಯೊಂದರ ದೊಡ್ಡ ಅಧಿಕಾರಿ ನಾಗಪ್ಪನನ್ನು ವಿಚಾರಣೆಯ ಹೆಸರಿನಲ್ಲಿ ರಜೆಯ ಮೇಲೆ ಕಳಿಸಿದ್ದಾರೆ. ಆರೋಪ ಏನೆಂದೇ ಅವನಿಗೆ ನೆಟ್ಟಗೆ ಗೊತ್ತಿಲ್ಲ. ಇರುವುದು ಅವನೊಬ್ಬನ ತಲೆ. ಅದರೊಳಗೆ ಊರಿನ ನೆನಪು, ಆಫೀಸಿನ ನಯವಾದ ಸುಳ್ಳು, ಗೆಳೆತನದ ಸೋಗಿನ ಗಾಳಿಮಾತು ಒಂದೊಂದೂ ಬೇರೆ ದನಿಯಲ್ಲಿ ಕಚ್ಚಾಡುತ್ತವೆ. ಯಾವ ನಿರ್ಣಯವೂ ಮರುದಿನ ಬೆಳಗಿನವರೆಗೆ ಬಾಳುವುದಿಲ್ಲ. ಮುಂಬಯಿಯ ರಾಸಾಯನಿಕ ಉದ್ಯಮದಲ್ಲೇ ದುಡಿದ ಚಿತ್ತಾಲರಿಗೆ ಈ ಲೋಕ ಅಂಗೈಯಷ್ಟು ಪರಿಚಿತ. ಇಂದು ಬೆಂಗಳೂರಿನ ಟೆಕ್ ಪಾರ್ಕಿನಲ್ಲಿ ಹೆಚ್‌ಆರ್ ಮೇಲ್ ಕಂಡು ಬೆಚ್ಚುವವರಿಗೆ ಈ ಪುಸ್ತಕ ಹಳೆಯದು ಅನ್ನಿಸಲಿಕ್ಕಿಲ್ಲ. ಮಧ್ಯದಲ್ಲಿ ಎಳೆದಾಡುತ್ತದೆ, ನಿಜ. (ನಡುವೆ ಒಂದೇ ಸಂಜೆಗೆ ‘ಘಾಚರ್ ಘೋಚರ್’ ಮುಗಿಸಿದೆ. ಚಿತ್ತಾಲರು ನೂರು ಪುಟ ಮಾತಾಡಿ ಹುಟ್ಟಿಸುವ ಭಯವನ್ನು ವಿವೇಕ ಶಾನಭಾಗರು ಬಾಯಿ ಬಿಗಿಹಿಡಿದೇ ಹುಟ್ಟಿಸುತ್ತಾರೆ.)

ಆದರೆ ಹೆಂಗಸರ ವಿಷಯಕ್ಕೆ ಬಂದರೆ ತಕ್ಕಡಿ ‘ಪರ್ವ’ದ ಕಡೆಗೇ ವಾಲುತ್ತದೆ. ‘ಶಿಕಾರಿ’ಯಲ್ಲಿ ಅವರು ನಾಗಪ್ಪನ ಆಸೆಗೋ ಅಂಜಿಕೆಗೋ ಒದಗಿ ಬರುವವರು. ದ್ರೌಪದಿಗೆ ಭೈರಪ್ಪನವರು ಐವರು ಗಂಡಂದಿರ ನಡುವಿನ ದಣಿವನ್ನು ಲೆಕ್ಕ ಹಾಕುವಷ್ಟು ಪುಟಗಳನ್ನಾದರೂ ಕೊಟ್ಟಿದ್ದಾರೆ.

ಆ ದ್ರೌಪದಿ ಇನ್ನೂ ತಲೆಯಲ್ಲಿರುವಾಗಲೇ ಬಾನು ಮುಷ್ತಾಕರ ‘ಎದೆಯ ಹಣತೆ’ ಕಥೆಗೆ ಮರಳಿದೆ. ಗಂಡ ಬೇರೊಬ್ಬಳ ಹಿಂದೆ ಹೋದನೆಂದು ಮೆಹರುನ್ ಹಸುಗೂಸನ್ನೆತ್ತಿಕೊಂಡು ತವರಿಗೆ ಬರುತ್ತಾಳೆ. ಅಣ್ಣತಮ್ಮಂದಿರಿಗೆ ಮನೆತನದ ಮರ್ಯಾದೆಯದೇ ಚಿಂತೆ. ಅವಳನ್ನು ಗಂಡನ ಮನೆಗೆ ಬಿಟ್ಟುಬರುತ್ತಾರೆ. ರಾತ್ರಿ ಅವಳ ಕೈಯಲ್ಲಿ ಸೀಮೆಎಣ್ಣೆ. ತಡೆಯುವವಳು ಮಗಳು ಸಲ್ಮಾ. ಇಲ್ಲಿ ಮೆಹರುನ್ ಯಾವ ವಾದವನ್ನೂ ಹೂಡುವುದಿಲ್ಲ. ತವರಿನವರ ಮಾತು, ಮಗುವಿನ ಅಳು, ಕಡ್ಡಿಪೆಟ್ಟಿಗೆ, ಇಷ್ಟರಲ್ಲೇ ಕಥೆ ನಿಂತಿದೆ. ‘ಕರಿ ನಾಗರಗಳು’ ಕೂಡ ಇದೇ ಸಾಲಿನದು. ಮಗಳನ್ನು ಮಡಿಲಲ್ಲಿಟ್ಟುಕೊಂಡು ಮಸೀದಿಯ ಮುಂದೆ ಕೂತ ತಾಯಿಗೆ ಲೇಖಕಿಯ ವಕಾಲತ್ತು ಬೇಕಾಗುವುದಿಲ್ಲ. ‘ಒಮ್ಮೆ ಹೆಣ್ಣಾಗು ಪ್ರಭುವೇ’ಯಲ್ಲಿ ಮಾತ್ರ ಕಥೆಗಿಂತ ಅಹವಾಲು ಮುಂದೆ ನಡೆಯುತ್ತದೆ, ಸಿಟ್ಟು ನ್ಯಾಯದ್ದೇ, ಕಟ್ಟಡ ತೆಳು. ‘ಹಾರ್ಟ್ ಲ್ಯಾಂಪ್’ನ 12 ಕಥೆಗಳನ್ನೂ ಒಂದೇ ತೂಕಕ್ಕೆ ಹಾಕಿ ಹೊಗಳಿದ ಬರಹಗಳು ಅವರಿಗೆ ಅಂಥ ಉಪಕಾರವೇನೂ ಮಾಡಿಲ್ಲ.