ಸಾಯಗೊಡದ ನಿಷ್ಠೆ: ‘ಡ್ಯೂನ್’ ಮತ್ತು ಯೋಧಗುರುಗಳ ಪರಂಪರೆ

ವಿಜ್ಞಾನ ಕಾದಂಬರಿಗಳ ದೊಡ್ಡ ಸರಣಿಗಳಲ್ಲಿ ಒಬ್ಬ ಯೋಧ ಇದ್ದೇ ಇರುತ್ತಾನೆ. ಅವನಿಗೆ ರಾಜ್ಯ ಬೇಡ, ಹೆಸರೂ ಬೇಡ. ಒಡೆಯನ ಮಗನಿಗೆ ಕತ್ತಿ ಹಿಡಿಯುವುದನ್ನು ಕಲಿಸುತ್ತಾನೆ, ಗದರುತ್ತಾನೆ, ನಗಿಸುತ್ತಾನೆ, ಕಥೆ ಅರ್ಧ ದಾರಿ ಸವೆಸುವ ಹೊತ್ತಿಗೆ ಹುಡುಗನನ್ನು ಉಳಿಸಿ ತಾನು ಸಾಯುತ್ತಾನೆ. ಇಷ್ಟು ಒಳ್ಳೆಯ ಮನುಷ್ಯ ಪ್ರಾಣ ಕೊಟ್ಟ ಮೇಲೆ ಆ ಹುಡುಗ ಯೋಗ್ಯನೇ ಇರಬೇಕು ಎಂಬ ತೀರ್ಮಾನ ಓದುಗನ ಮನಸ್ಸಿನಲ್ಲಿ ಅಷ್ಟರಲ್ಲಿ ಸದ್ದಿಲ್ಲದೆ ಆಗಿಹೋಗಿರುತ್ತದೆ. ನಾಯಕನ ಅರ್ಹತಾಪತ್ರಕ್ಕೆ ತನ್ನ ರಕ್ತದಲ್ಲಿ ರುಜು ಹಾಕಿಕೊಡುವುದೇ ಈ ಯೋಧಗುರುವಿನ ನಿಜವಾದ ಕೆಲಸ. ಫ್ರಾಂಕ್ ಹರ್ಬರ್ಟ್‌ನ ‘ಡ್ಯೂನ್’ ಕಾದಂಬರಿಗಳನ್ನು ಈ ಪರಂಪರೆಯ ಶ್ರೇಷ್ಠ ಉದಾಹರಣೆ ಎಂದು ಓದುವವರು ಬಹಳ. ನನಗೆ ಕಾಣುವುದು ಬೇರೆ: ಆ ರುಜುವನ್ನು ಕಣ್ಣು ಮುಚ್ಚಿ ಒಪ್ಪಬೇಡಿ ಎಂದು ಎಚ್ಚರಿಸುವುದಕ್ಕೇ ಹರ್ಬರ್ಟ್ ತನ್ನ ಯೋಧಗುರುಗಳನ್ನು ಅಷ್ಟು ಪ್ರೀತಿಯಿಂದ ಕಡೆದ. ಅವನ ನಂತರದವರು ಆ ಯೋಧನನ್ನು ಎತ್ತಿಕೊಂಡರು, ಎಚ್ಚರಿಕೆಯನ್ನು ಅಲ್ಲೇ ಬಿಟ್ಟರು.

ಹರ್ಬರ್ಟ್ ಬರೆಯಲು ಕುಳಿತಾಗ ಅಮೆರಿಕದ ವಿಜ್ಞಾನ ಕಾದಂಬರಿಯಲ್ಲಿ ಸೈನಿಕ ಗುರುವಿನ ಮಾತು ಪ್ರಶ್ನಾತೀತವಾಗಿತ್ತು. ರಾಬರ್ಟ್ ಹೈನ್‌ಲೈನ್‌ನ ‘ಸ್ಟಾರ್‌ಶಿಪ್ ಟ್ರೂಪರ್ಸ್’ (1959) ನೋಡಿ. ಶಾಲೆಯಲ್ಲಿ ಪಾಠ ಹೇಳುವ ಡುಬ್ವಾ ನಿವೃತ್ತ ಸೇನಾಧಿಕಾರಿ. ಶಿಬಿರದಲ್ಲಿ ಹುಡುಗರ ಬೆವರಿಳಿಸುವ ಜಿಮ್ ಸಾರ್ಜೆಂಟ್. ಹುಡುಗನ ಅನುಭವ ಬೆಳೆದಂತೆಲ್ಲ ಇವರು ಹೇಳಿದ್ದೇ ಸರಿ ಎಂದು ರುಜುವಾತಾಗುತ್ತ ಹೋಗುತ್ತದೆ. ಎಲ್ಲಿಯೂ ಅವರ ಪಾಠ ಶಿಷ್ಯನ ಕೈಕಟ್ಟುವುದಿಲ್ಲ. ಆರು ವರ್ಷದ ನಂತರ, ವಾಹನ ರಿಪೇರಿಯ ಕೈಪಿಡಿಗಳಿಗೆ ಹೆಸರಾಗಿದ್ದ ಚಿಲ್ಟನ್ ಎಂಬ ಪ್ರಕಾಶನದಿಂದ ‘ಡ್ಯೂನ್’ ಹೊರಬಂತು. ಅಲ್ಲಿ ಗುರುಗಳು ಒಬ್ಬರಲ್ಲ, ಮೂವರು: ಲೆಕ್ಕಾಚಾರದಲ್ಲಿ ಯಂತ್ರವನ್ನು ಮೀರಿಸುವ ಮುದುಕ ಥುಫಿರ್ ಹವಾತ್, ಶತ್ರು ಮನೆತನವಾದ ಹಾರ್ಕೊನೆನ್ನರ ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದ, ದವಡೆಯ ಮೇಲೆ ಚಾಟಿಯ ಗಾಯ ಹೊತ್ತ ಗಾಯಕ ಗರ್ನಿ ಹ್ಯಾಲೆಕ್, ಕತ್ತಿವರಸೆಯಲ್ಲಿ ಸಾಟಿಯಿಲ್ಲದ ಡಂಕನ್ ಇಡಾಹೊ. ಅಟ್ರೈಡಿಸ್ ಮನೆತನದ ಕುಮಾರ ಪಾಲ್ ಇವರ ಕೈಯಲ್ಲಿ ಬೆಳೆದವನು.

ಈ ಗುರುಗಳ ಪರಿಣತಿಯೇ ಆ ಮನೆತನಕ್ಕೆ ಮುಳುವಾಯಿತು ಎಂಬುದನ್ನು ಅನೇಕರು ಗಮನಿಸದೆ ದಾಟಿಬಿಡುತ್ತಾರೆ. ಚಕ್ರವರ್ತಿಯು ಪಾಲ್‌ನ ತಂದೆ ಡ್ಯೂಕ್ ಲೆಟೋನನ್ನು ಮುಗಿಸಲು ಹಾರ್ಕೊನೆನ್ನರ ಬೆನ್ನಿಗೆ ನಿಂತದ್ದೇಕೆ? ಗರ್ನಿ ಮತ್ತು ಡಂಕನ್ ಸೇರಿ ಪಳಗಿಸಿದ ಒಂದು ಸಣ್ಣ ಪಡೆ ಚಕ್ರವರ್ತಿಯ ಸಾರ್ಡೌಕಾರ್ ಸೈನಿಕರಿಗೆ ಕೂದಲೆಳೆಯಷ್ಟು ಸಮೀಪ ಬಂದಿತ್ತು. ಸೇವಕರು ಸಾಧಾರಣರಾಗಿದ್ದರೆ ಒಡೆಯ ಬದುಕುತ್ತಿದ್ದನೇನೋ. ಒಡೆಯನಿಗಾಗಿ ಜೀವ ತೇಯುವವರ ಕಥೆಯಲ್ಲಿ ಇಂಥ ಲೆಕ್ಕವನ್ನು ಮೊದಲಲ್ಲೇ ಇಟ್ಟ ಲೇಖಕ ನಿಷ್ಠೆಯ ಸ್ತೋತ್ರ ಬರೆಯಲು ಹೊರಟವನಾಗಿರಲಾರ.

ಇದಕ್ಕಿಂತ ಬಲವಾದ ಸಾಕ್ಷ್ಯ ಜೆಸಿಕಾಳ ವಿಷಯದಲ್ಲಿದೆ. ಅವಳು ಪಾಲ್‌ನ ತಾಯಿ, ಡ್ಯೂಕ್‌ನ ಸಂಗಾತಿ, ಬೆನೆ ಜೆಸೆರಿಟ್ ಪಂಥದಲ್ಲಿ ತರಬೇತಾದವಳು. ಮನೆಯೊಳಗೆ ದ್ರೋಹಿಯಿದ್ದಾನೆ ಎಂಬ ಸುಳಿವು ಸಿಕ್ಕ ಕೂಡಲೇ ಮೂವರು ನಿಷ್ಠಾವಂತರೂ ಒಂದಲ್ಲ ಒಂದು ಹಂತದಲ್ಲಿ ಬೊಟ್ಟು ಮಾಡುವುದು ಅವಳತ್ತಲೇ. ಹವಾತ್‌ನ ಕೈಗೆ ಸಿಗಲೆಂದೇ ಹಾರ್ಕೊನೆನ್ನರ ಒಡೆಯ ಬ್ಯಾರನ್ ಸುಳ್ಳು ಸುಳಿವು ಹರಿಯಬಿಟ್ಟಿರುತ್ತಾನೆ. ಅದನ್ನು ಹವಾತ್ ನಂಬುತ್ತಾನೆ. ಕುಡಿದು ತೂರಾಡುವ ಡಂಕನ್ ಅವಳ ಮುಖಕ್ಕೇ ಗೂಢಚಾರಿಣಿ ಎಂದು ಕೂಗುತ್ತಾನೆ. ಗರ್ನಿಯಂತೂ ವರ್ಷಗಳ ಕಾಲ ಆ ಸಂಶಯವನ್ನು ಎದೆಯಲ್ಲಿ ಕಾಪಿಟ್ಟುಕೊಂಡು, ಕೊನೆಗೆ ಮರುಭೂಮಿಯ ಗುಹೆಯಲ್ಲಿ ಅವಳ ಕುತ್ತಿಗೆಗೆ ಚೂರಿ ಹಿಡಿಯುತ್ತಾನೆ. ತಮ್ಮನ್ನು ಒಡೆಯಲು ಯಾರೋ ಹೂಡಿದ ಆಟ ಇದು ಎಂದು ಜೆಸಿಕಾ ಹವಾತ್‌ಗೆ ಮೊದಲೇ ಬಿಡಿಸಿ ಹೇಳಿದ್ದಳು. ಆದರೂ ಬುದ್ಧಿವಂತರಾದ ಈ ಗಂಡಸರು ಹಾದಿ ತಪ್ಪಿದ್ದು ಅವರ ನಿಷ್ಠೆಯಿಂದಲೇ: ಒಡೆಯನ ರಕ್ಷಣೆಯೇ ಸರ್ವಸ್ವವಾದವನಿಗೆ ಒಡೆಯನ ಹಾಸಿಗೆಗೆ ಹತ್ತಿರದವಳು ಮೊದಲ ಶಂಕಿತೆಯಾಗಿ ಕಾಣುತ್ತಾಳೆ. ಅವರು ಹೇಗೆ ಯೋಚಿಸುತ್ತಾರೆಂದು ಬ್ಯಾರನ್‌ಗೆ ಮೊದಲೇ ಗೊತ್ತು. ನಿಷ್ಠಾವಂತನ ನಡೆಯನ್ನು ಮುಂಚಿತವಾಗಿ ಊಹಿಸಬಹುದು, ಊಹಿಸಬಹುದಾದದ್ದನ್ನು ಶತ್ರು ಬಳಸಿಕೊಳ್ಳಬಹುದು. ಸೆರೆಸಿಕ್ಕ ಹವಾತ್ ಜೆಸಿಕಾಳೇ ದ್ರೋಹಿ ಎಂಬ ಭ್ರಮೆಯಲ್ಲೇ ಹಾರ್ಕೊನೆನ್ನರಿಗಾಗಿ ದುಡಿಯುತ್ತಾನೆ. ಅಂದರೆ ಸತ್ತ ಒಡೆಯನ ಮೇಲಿನ ಭಕ್ತಿಯೇ ಅವನನ್ನು ಒಡೆಯನ ಕೊಲೆಗಡುಕನ ಚಾಕರಿಗೆ ಹಚ್ಚುತ್ತದೆ.

ಇನ್ನು ನಿಜವಾದ ದ್ರೋಹಿ ಡಾಕ್ಟರ್ ಯುಯೆ. ಪ್ರಾಣ ಹೋದರೂ ತನ್ನ ರೋಗಿಗೆ ಕೇಡು ಮಾಡಲಾರ ಎಂದು ಸಾಮ್ರಾಜ್ಯವೇ ಮುದ್ರೆ ಒತ್ತಿದ ವೈದ್ಯ. ಅವನನ್ನು ಮುರಿದದ್ದು ಹಣವಲ್ಲ, ಹಾರ್ಕೊನೆನ್ನರ ಕೈಗೆ ಸಿಕ್ಕ ಹೆಂಡತಿಯ ಮೇಲಿನ ಪ್ರೀತಿ. ಹರ್ಬರ್ಟ್ ಇಲ್ಲಿ ನಿಷ್ಠೆಗೂ ದ್ರೋಹಕ್ಕೂ ನಡುವೆ ಗೋಡೆ ಇಲ್ಲವೆಂದು ತೋರಿಸುತ್ತಾನೆ: ಯುಯೆಯ ದ್ರೋಹ ಇನ್ನೊಂದು ನಿಷ್ಠೆಯ ಹೊರಮೈ ಮಾತ್ರ. ತಾಯಿಮಗ ಮರುಭೂಮಿಗೆ ತಪ್ಪಿಸಿಕೊಳ್ಳಲು ಬೇಕಾದ ಸಾಮಗ್ರಿಯನ್ನೂ ಡ್ಯೂಕ್‌ನ ಮುದ್ರೆಯುಂಗುರವನ್ನೂ ಒದಗಿಸಿಟ್ಟವನೂ ಅವನೇ. ವಂಶದ ಕುಡಿ ಉಳಿಯುವಲ್ಲಿ ದ್ರೋಹಿಯ ಪಾಲು ನಿಷ್ಠಾವಂತರ ಪಾಲಿಗಿಂತ ಕಡಿಮೆಯೇನಲ್ಲ.

ಗುರು ಕಲಿಸಿದ ವಿದ್ಯೆಯ ಕಥೆಯೂ ಹೀಗೆಯೇ. ಆ ಲೋಕದ ಯೋಧರು ಮೈಸುತ್ತ ಅದೃಶ್ಯ ಕವಚ ತೊಡುತ್ತಾರೆ. ವೇಗದ ಏಟನ್ನು ಅದು ತಡೆಯುತ್ತದೆ, ನಿಧಾನವಾಗಿ ತೂರುವ ಅಲಗನ್ನು ಮಾತ್ರ ಒಳಬಿಡುತ್ತದೆ. ಕೊನೆಯ ಕ್ಷಣದಲ್ಲಿ ಕೈಯನ್ನು ನಿಧಾನಿಸುವುದನ್ನು ಗರ್ನಿ, ಡಂಕನ್‌ರು ಪಾಲ್‌ನ ಸ್ನಾಯುಗಳಿಗೆ ಇಳಿಸಿದ್ದಾರೆ. ಆದರೆ ಮರುಭೂಮಿಯ ಗ್ರಹ ಅರಾಕಿಸ್‌ನ ಬಯಲು ಮರಳಿನಲ್ಲಿ ಕವಚ ತೊಟ್ಟರೆ ದೈತ್ಯ ಹುಳುಗಳು ಹುಚ್ಚೆದ್ದು ಬರುತ್ತವೆ, ಹಾಗಾಗಿ ಅಲ್ಲಿನ ಮರುಭೂಮಿವಾಸಿಗಳಾದ ಫ್ರೆಮೆನ್ನರು ಬರಿಮೈಯಲ್ಲಿ ಹೋರಾಡುತ್ತಾರೆ. ಅವರಲ್ಲೊಬ್ಬನಾದ ಜಾಮಿಸ್ ಜೊತೆಗಿನ ದ್ವಂದ್ವದಲ್ಲಿ ಪಾಲ್‌ನ ಏಟು ಮತ್ತೆ ಮತ್ತೆ ಒಂದು ಗಳಿಗೆ ತಡವಾಗುತ್ತದೆ. ಹುಡುಗ ಎದುರಾಳಿಯನ್ನು ಆಟವಾಡಿಸುತ್ತಿದ್ದಾನೆ ಎಂದು ಸುತ್ತ ನಿಂತವರಿಗೆ ಅಸಹ್ಯವಾಗುತ್ತದೆ. ಇಡೀ ಸರಣಿಯಲ್ಲಿ ಗುರುಪರಂಪರೆಯ ಮೇಲೆ ಇದಕ್ಕಿಂತ ಚುರುಕಾದ ಟೀಕೆ ಇಲ್ಲ. ಹೈನ್‌ಲೈನ್‌ನ ಸಾರ್ಜೆಂಟನ ಪಾಠ ಯಾವ ಗ್ರಹದಲ್ಲೂ ಹಳಸುವುದಿಲ್ಲ. ಹರ್ಬರ್ಟ್‌ನ ಗುರುಗಳ ಪಾಠ ನೆಲ ಬದಲಾದೊಡನೆ ಶಿಷ್ಯನ ಕೈಗೆ ಕೋಳವಾಗುತ್ತದೆ.

ಇದಕ್ಕೆ ಒಂದು ಗಂಭೀರ ಆಕ್ಷೇಪವಿದೆ. ಲೆಕ್ಕಾಚಾರ, ಸಂಚು, ವಂಶಾಭಿವೃದ್ಧಿಯ ಯೋಜನೆಗಳಿಂದ ತಣ್ಣಗೆ ಕೊರೆಯುವ ಆ ಲೋಕದಲ್ಲಿ ಬೆಚ್ಚನೆಯ ಮನುಷ್ಯರೆಂದರೆ ಗರ್ನಿ, ಡಂಕನ್ ಮೊದಲಾದವರೇ ತಾನೆ? ಬಾಲಿಸೆಟ್ ನುಡಿಸುತ್ತ ಹಾಡುವ ಗರ್ನಿಯನ್ನು ಹೀಗೆ ಕಟಕಟೆಗೆ ಎಳೆಯುವುದು ಅರಸಿಕತೆಯಲ್ಲವೇ? ಆ ಬೆಚ್ಚನೆತನ ನಿಜ, ಹರ್ಬರ್ಟ್ ಅದನ್ನು ಎಲ್ಲಿಯೂ ಗೇಲಿ ಮಾಡುವುದಿಲ್ಲ. ಆದರೆ ಅದನ್ನು ಹೇಗೆ ಕಾಯ್ದುಕೊಂಡು ಬಂದದ್ದು ಎಂಬುದನ್ನೂ ಬಚ್ಚಿಡುವುದಿಲ್ಲ. ಅರಾಕಿಸ್‌ನಲ್ಲಿ ಮಾತ್ರ ಸಿಗುವ ಕೋಟಿಗಟ್ಟಲೆ ಬೆಲೆಯ ಮಸಾಲೆಯನ್ನು ಬಿಟ್ಟುಕೊಟ್ಟು ಕಾರ್ಮಿಕರ ಜೀವ ಉಳಿಸಿದ ಡ್ಯೂಕ್‌ನನ್ನು ಕಂಡು, ಇಂಥವನಿಗೆ ಜನ ಮತಾಂಧರಂತೆ ನಿಷ್ಠರಾಗುತ್ತಾರೆ ಎಂದು ಗ್ರಹವಿಜ್ಞಾನಿ ಕೈನ್ಸ್ ಮನಸ್ಸಿನಲ್ಲೇ ಅಳೆಯುತ್ತಾನೆ. ಅದೇ ಡ್ಯೂಕ್ ಮಗನೆದುರು ತನ್ನ ಪ್ರಚಾರ ವಿಭಾಗದ ದಕ್ಷತೆಯ ಬಗ್ಗೆ ಸಂಕೋಚವಿಲ್ಲದೆ ಮಾತಾಡುತ್ತಾನೆ. ಒಳ್ಳೆಯತನ ಹೌದು, ಆಡಳಿತದ ತಂತ್ರವೂ ಹೌದು. ಪಂಪನ ಕರ್ಣನನ್ನು, ಊರಬಾಗಿಲ ವೀರಗಲ್ಲುಗಳನ್ನು ಬಲ್ಲ ಕನ್ನಡದ ಓದುಗನಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ: ಉಂಡ ಅನ್ನದ ಋಣ ತೀರಿಸುವವನ ದೊಡ್ಡತನವನ್ನು ಮನಸಾರೆ ಮೆಚ್ಚುತ್ತಲೇ, ಅವನು ನಿಂತ ಪಕ್ಷ ಸರಿಯೇ ಎಂಬ ಪ್ರಶ್ನೆಯನ್ನು ತೆರೆದಿಡಬಹುದು. ಹರ್ಬರ್ಟ್ ಕೇಳುವುದೂ ಅಂಥದೇ ಓದನ್ನು.

ಡಂಕನ್‌ನ ವಿಷಯಕ್ಕೆ ಬಂದಾಗ ಈ ವಾದ ವಿಜ್ಞಾನ ಕಾದಂಬರಿಯೊಂದೇ ಮಾಡಬಲ್ಲ ರೂಪ ಪಡೆಯುತ್ತದೆ. ಮೊದಲ ಕಾದಂಬರಿಯಲ್ಲಿ ಅವನ ಸಾವು ಸಂಪ್ರದಾಯದಂತೆಯೇ ಇದೆ: ಕೈನ್ಸ್‌ನ ಪ್ರಯೋಗಾಲಯದಲ್ಲಿ ಸಾರ್ಡೌಕಾರರನ್ನು ತಡೆದು ನಿಂತು, ತಾಯಿಮಗನಿಗೆ ಓಡಲು ಸಮಯ ಮಾಡಿಕೊಟ್ಟು ಬೀಳುತ್ತಾನೆ. ‘ಡ್ಯೂನ್ ಮೆಸ್ಸೈಯ’ದಲ್ಲಿ (1969) ಜೀವತಂತ್ರದಲ್ಲಿ ಪಳಗಿದ ತ್ಲೈಲಾಕ್ಸುಗಳು ಆ ಹೆಣದಿಂದ ಹೇಟ್ ಎಂಬ ಘೋಲಾನನ್ನು ಬೆಳೆಸಿ, ಲೋಹದ ಕಣ್ಣಿಡುತ್ತಾರೆ. ಈಗ ಚಕ್ರವರ್ತಿಯಾಗಿರುವ ಪಾಲ್‌ಗೆ ಅವನು ಉಡುಗೊರೆಯಾಗಿ ಬರುತ್ತಾನೆ. ತನ್ನನ್ನು ಕಳಿಸಿರುವುದೇ ನಿನ್ನ ನಾಶಕ್ಕೆ ಎಂದು ಅವನೇ ಬಾಯಿಬಿಟ್ಟು ಹೇಳುತ್ತಾನೆ. ಆದರೂ ಪಾಲ್ ಅವನನ್ನು ಇಟ್ಟುಕೊಳ್ಳುತ್ತಾನೆ. ಗುರುವಿನ ಮೇಲಿನ ಶಿಷ್ಯನ ಮಮತೆಯೇ ಕೋಟೆಯ ಬಿರುಕು. ಪಾಲ್‌ನ ಪ್ರೇಯಸಿ ಚಾನಿ ಸತ್ತ ಸುದ್ದಿ ತಲುಪಿದಾಗ ಒಳಗೆ ಹುದುಗಿಸಿಟ್ಟ ಆಜ್ಞೆ ಎಚ್ಚರಗೊಂಡು, ಹೇಟ್ ಪಾಲ್‌ನನ್ನು ಕೊಲ್ಲಲು ಕೈ ಎತ್ತುತ್ತಾನೆ. ಆ ಆಘಾತದಲ್ಲಿ ಹಳೆಯ ಡಂಕನ್ ಎದ್ದುಬರುತ್ತಾನೆ, ಕೈ ತಡೆಯುತ್ತದೆ. ಸಾಮಾನ್ಯ ಲೇಖಕ ಇಲ್ಲಿ ಪರದೆ ಎಳೆಯುತ್ತಿದ್ದ: ನಿಷ್ಠೆ ಸಾವನ್ನೂ ಯಂತ್ರವಿದ್ಯೆಯನ್ನೂ ಗೆದ್ದಿತು! ಹರ್ಬರ್ಟ್‌ನ ಕ್ರೌರ್ಯ ಇರುವುದು ಮುಂದಿನ ಹೆಜ್ಜೆಯಲ್ಲಿ. ಘೋಲಾಗೆ ಹಳೆಯ ನೆನಪು ಮರಳಬಲ್ಲದು ಎಂಬುದಕ್ಕೆ ತ್ಲೈಲಾಕ್ಸುಗಳಿಗೆ ಬೇಕಿದ್ದ ಪುರಾವೆ ಇದೇ. ಇದನ್ನು ಹಿಡಿದೇ ಅವರು, ಸತ್ತ ಚಾನಿಯನ್ನೂ ಹೀಗೆ ತಂದುಕೊಡುತ್ತೇವೆ, ಬೆಲೆ ಕೊಡು ಎಂದು ಪಾಲ್‌ನೆದುರು ವ್ಯಾಪಾರಕ್ಕಿಳಿಯುತ್ತಾರೆ. ನಿಷ್ಠೆಯ ಅತ್ಯುನ್ನತ ಗೆಲುವು ಶತ್ರುವಿನ ಸರಕಿನ ಜಾಹೀರಾತಾಗುತ್ತದೆ.

‘ಗಾಡ್ ಎಂಪರರ್ ಆಫ್ ಡ್ಯೂನ್’ (1981) ತಲುಪುವಾಗ ಮೂರೂವರೆ ಸಾವಿರ ವರ್ಷ ಕಳೆದಿದೆ. ಅರ್ಧ ಹುಳುವಾಗಿ ಮಾರ್ಪಟ್ಟ ಪಾಲ್‌ನ ಮಗ ಎರಡನೆಯ ಲೆಟೋ ಒಬ್ಬ ಡಂಕನ್ ಸತ್ತಂತೆ ಇನ್ನೊಬ್ಬನನ್ನು ತರಿಸಿಕೊಳ್ಳುತ್ತಾನೆ. ತನ್ನ ಕಾವಲುಪಡೆಗೆ ನಾಯಕನನ್ನಾಗಿ ಮಾಡುತ್ತಾನೆ; ಬಹಳಷ್ಟು ಡಂಕನ್‌ರು ಕೊನೆಗೆ ಅವನ ವಿರುದ್ಧವೇ ತಿರುಗಿ, ಅವನ ಕೈಯಲ್ಲೇ ಸಾಯುತ್ತಾರೆ. ಅಟ್ರೈಡಿಸ್ ಹೆಸರಿಗೆ ಒಗ್ಗಿಹೋದ ನಿಷ್ಠೆ ಒಂದು ಕಡೆ, ಆ ಹೆಸರಿನವನೇ ನಡೆಸುತ್ತಿರುವ ದಬ್ಬಾಳಿಕೆ ಇನ್ನೊಂದು ಕಡೆ. ಪ್ರತಿ ಡಂಕನ್ ಇವೆರಡರ ನಡುವೆ ಸೀಳಿಹೋಗುತ್ತಾನೆ. ಹುತಾತ್ಮನಿಗೆ ಸಿಗುವ ಏಕೈಕ ಸಮಾಧಾನವಾದ ಸಾವನ್ನೂ ಇಲ್ಲಿ ಕಿತ್ತುಕೊಳ್ಳಲಾಗಿದೆ. ಆ ಚಕ್ರವರ್ತಿಯ ಅಂತ್ಯವೂ ವಿಧೇಯತೆಯಿಂದಲೇ: ಬಂಡಾಯಗಾರ್ತಿ ಸಿಯೋನಾ ಹೇಳಿದ್ದನ್ನೆಲ್ಲ ಮಾಡು ಎಂದು ಲೆಟೋ ತಾನೇ ಕಟ್ಟಪ್ಪಣೆ ಮಾಡಿದ್ದ ಭಕ್ತೆ ನೈಲಾ, ಸಿಯೋನಾಳ ಮಾತಿನಂತೆ ಅವನು ದಾಟುತ್ತಿದ್ದ ಸೇತುವೆಯನ್ನೇ ಉರುಳಿಸುತ್ತಾಳೆ.

ಡಂಕನ್ ಓದುಗರಿಗೆ ಅಚ್ಚುಮೆಚ್ಚಾದ, ಹಾಗಾಗಿ ಲೇಖಕ ಅವನನ್ನು ಆರೂ ಕಾದಂಬರಿಗಳಿಗೆ ಎಳೆದುಕೊಂಡು ಬಂದ, ಇದರಲ್ಲಿ ತತ್ವ ಹುಡುಕುವುದು ವ್ಯರ್ಥ ಎನ್ನುವವರಿದ್ದಾರೆ. ಕೊನೆಯ ಎರಡು ಕಾದಂಬರಿಗಳ ಮಟ್ಟಿಗೆ ಈ ಮಾತಿನಲ್ಲಿ ಸ್ವಲ್ಪ ಹುರುಳಿದೆ. ಅಲ್ಲಿ ಡಂಕನ್‌ಗೆ ಅಸಾಧ್ಯ ಶಕ್ತಿಗಳು ಬೇಡಬೇಡವೆಂದರೂ ಬಂದು ಮುತ್ತುತ್ತವೆ, ಬರವಣಿಗೆಯೂ ಏದುಸಿರು ಬಿಡುತ್ತದೆ. ಆದರೆ ಜನಪ್ರಿಯತೆಗೆ ಮಣಿದ ಲೇಖಕ ಮೆಚ್ಚಿನ ಪಾತ್ರಕ್ಕೆ ಜಯ ಕೊಡುತ್ತಾನೆ. ಹರ್ಬರ್ಟ್ ಕೊಟ್ಟದ್ದು ಮುಗಿಯದ ಊಳಿಗ. ‘ಹೆರೆಟಿಕ್ಸ್ ಆಫ್ ಡ್ಯೂನ್’ನಲ್ಲಿ (1984) ಅವನು ಮಗುವಾಗಿ ಬೆಳೆದು, ಮೈಲ್ಸ್ ಟೆಗ್ ಎಂಬ ಇನ್ನೊಬ್ಬ ನಿಷ್ಠಾವಂತ ಸೇನಾನಿಯಿಂದ ಪಾಠ ಹೇಳಿಸಿಕೊಳ್ಳುತ್ತಾನೆ, ಮುಂದಿನ ಕಾದಂಬರಿಯಲ್ಲಿ ಆ ಟೆಗ್ ಕೂಡ ಸತ್ತು ಮಗುವಾಗಿ ಮರಳಿ ಬಂದಿರುತ್ತಾನೆ. ಗುರು ಶಿಷ್ಯನಾಗುತ್ತಾನೆ, ಮತ್ತೆ ಕತ್ತಿ ಹಿಡಿಯುತ್ತಾನೆ, ಬೆನೆ ಜೆಸೆರಿಟ್ ಸಂಸ್ಥೆಯ ಕೆಲಸ ಮಾತ್ರ ನಿಲ್ಲುವುದಿಲ್ಲ.

ನಂತರದ ಪರಂಪರೆಯಲ್ಲಿ ಏನಾಯಿತು? ಜಾರ್ಜ್ ಲ್ಯೂಕಾಸ್‌ನ ‘ಸ್ಟಾರ್ ವಾರ್ಸ್’ (1977) ಮರುಭೂಮಿಯ ಗ್ರಹವನ್ನೂ ಮುದಿ ಯೋಧನನ್ನೂ ಇಟ್ಟುಕೊಂಡಿತು. ಕುರೊಸಾವಾನ ‘ದಿ ಹಿಡನ್ ಫೋರ್ಟ್ರೆಸ್’ನಿಂದ (1958) ಪಡೆದದ್ದನ್ನು ಲ್ಯೂಕಾಸ್ ಒಪ್ಪಿಕೊಂಡಿದ್ದಾನೆ, ಅಲ್ಲಿಯೂ ರಾಜಕುಮಾರಿಯನ್ನು ಕಾಯುವ ಸೇನಾನಿಯಿದ್ದಾನೆ. ಓಬಿ-ವಾನ್ ಕೆನೋಬಿ ಹುಡುಗನಿಗೆ ಅವನ ತಂದೆಯ ಬಗ್ಗೆ ಸತ್ಯ ಮುಚ್ಚಿಟ್ಟಿದ್ದ ಎಂದು ನಂತರದ ಚಿತ್ರಗಳಲ್ಲಿ ತಿಳಿಯುತ್ತದೆ. ಭಾರಿ ಬಿಕ್ಕಟ್ಟಾಗಬಹುದಿದ್ದ ಈ ಸುಳ್ಳನ್ನು 1983ರ ಚಿತ್ರ ದೃಷ್ಟಿಕೋನದ ಮಾತಾಡಿ ಒಂದೇ ಸಂಭಾಷಣೆಯಲ್ಲಿ ತೇಲಿಸಿಬಿಡುತ್ತದೆ. ಕಾರ್ಖಾನೆಯಲ್ಲಿ ತಯಾರಾದ ವಿಧೇಯತೆ ಆ ಸರಣಿಗೂ ಬಂತು, ಆದರೆ ತದ್ರೂಪಿ ಸೈನಿಕರ ಪಾಲಿಗೆ. ಗುರುವಿನ ನಿಷ್ಠೆ ಸ್ವಚ್ಛವಾಗಿಯೇ ಉಳಿಯಿತು. ಹರ್ಬರ್ಟ್‌ಗೆ ಹತ್ತಿರ ಬಂದವನೆಂದರೆ ‘ಎಂಡರ್ಸ್ ಗೇಮ್’ (1985) ಬರೆದ ಆರ್ಸನ್ ಸ್ಕಾಟ್ ಕಾರ್ಡ್. ಅಲ್ಲಿ ಮೇಝರ್ ರ‍್ಯಾಕಮ್ ಎಂಬ ಹಳೆಯ ವಿಜಯಿಯನ್ನು ಬೆಳಕಿನ ವೇಗದ ಸಮೀಪ ಓಡುವ ನೌಕೆಯಲ್ಲಿ ಕಳಿಸಿ, ಅವನ ಮಟ್ಟಿಗೆ ಕಾಲವನ್ನು ನಿಧಾನಿಸಿ, ಮುಂದಿನ ಯುದ್ಧದ ಶಿಷ್ಯನಿಗಾಗಿ ಕಾದಿರಿಸಲಾಗಿದೆ. ಘೋಲಾನಂತೆ ಅವನೂ ದಾಸ್ತಾನು ಮಾಡಿಟ್ಟ ಗುರು. ಪರೀಕ್ಷೆಯೆಂದು ಹೇಳಿ ನಿಜವಾದ ಯುದ್ಧವನ್ನೇ ಮಗುವಿನಿಂದ ಆಡಿಸುವವರ ಜೊತೆಗೂಡುವ ರ‍್ಯಾಕಮ್‌ನ ನಿಷ್ಠೆ ಶಿಷ್ಯನಿಗೆ ಸಲ್ಲುವುದಿಲ್ಲ, ಸೇನೆಗೆ ಸಲ್ಲುತ್ತದೆ ಎಂಬುದನ್ನು ಕಾರ್ಡ್ ಮರೆಮಾಚುವುದಿಲ್ಲ.

ವಿಚಿತ್ರವೆಂದರೆ ‘ಡ್ಯೂನ್’ ತೆರೆಗೆ ಬಂದಾಗಲೂ ಈ ಕಹಿಯನ್ನು ಸೋಸಲಾಗಿದೆ. ಡೆನಿ ವಿಲ್ನೂವ್‌ನ 2021 ಮತ್ತು 2024ರ ಚಿತ್ರಗಳು ಮರುಭೂಮಿಯ ವೈಭವದಲ್ಲಿ ಸಾಟಿಯಿಲ್ಲದವು, ಪಾಲ್‌ನ ಮೇಲಿನ ಧಾರ್ಮಿಕ ಉನ್ಮಾದವನ್ನು ಅವು ಕಾದಂಬರಿಗಿಂತ ನೇರವಾಗಿ ಪ್ರಶ್ನಿಸುತ್ತವೆ. ಫ್ರೆಮೆನ್ ಮುಖಂಡ ಸ್ಟಿಲ್ಗಾರ್ ಗೆಳೆಯನಿಂದ ಭಕ್ತನಾಗಿ ಜಾರುವುದು ಅಲ್ಲಿ ಚೆನ್ನಾಗಿ ಮೂಡಿದೆ. ಆದರೆ ಎರಡನೆಯ ಚಿತ್ರದಲ್ಲಿ ಹವಾತ್ ಇಲ್ಲವೇ ಇಲ್ಲ. ಜಾಶ್ ಬ್ರೋಲಿನ್‌ನ ಗರ್ನಿ ಜೆಸಿಕಾಳ ಮೇಲೆ ಚೂರಿ ಎತ್ತುವುದಿಲ್ಲ. ಬದಲಿಗೆ ಅವನು ಮನೆತನದ ಅಣ್ವಸ್ತ್ರಗಳನ್ನು ಪಾಲ್‌ಗೆ ತೋರಿಸಿಕೊಡುತ್ತಾನೆ, ತನಗೆ ಗಾಯ ಕೊಟ್ಟ ಹಾರ್ಕೊನೆನ್ ಮನೆತನದ ರಬ್ಬಾನ್‌ನನ್ನು ತಾನೇ ಕೊಂದು ಸೇಡು ತೀರಿಸಿಕೊಳ್ಳುತ್ತಾನೆ. ಕಾದಂಬರಿಯ ಗರ್ನಿಗೆ ಆ ತೃಪ್ತಿ ಸಿಗಲಿಲ್ಲ. ಸಿಕ್ಕಿದ್ದು ತಾನು ಇಷ್ಟು ವರ್ಷ ತಪ್ಪು ವ್ಯಕ್ತಿಯನ್ನು ದ್ವೇಷಿಸಿದ್ದೆ ಎಂಬ ಅರಿವು, ತನ್ನನ್ನು ಕೊಂದುಬಿಡಿ ಎಂದು ಅಂಗಲಾಚುವ ನಾಚಿಕೆ. ಭಕ್ತರ ಕುರುಡುತನವನ್ನು ಕಾಣುವ ಈ ಚಿತ್ರಗಳು ಸೇವಕರ ಕುರುಡುತನದ ಬಗ್ಗೆ ಮೌನ ವಹಿಸಿವೆ. ‘ಮೆಸ್ಸೈಯ’ವನ್ನು ತೆರೆಗೆ ತರುವವರು ಯಾರೇ ಆಗಲಿ, ಹೇಟ್‌ನನ್ನು ಕೈಬಿಡುವಂತಿಲ್ಲ. ನಿಷ್ಠೆ ತಪ್ಪಬಲ್ಲದು ಎಂಬುದನ್ನು ಗರ್ನಿಯ ಮೂಲಕ ಒಮ್ಮೆಯೂ ಕಾಣದ ಪ್ರೇಕ್ಷಕರ ಎದುರು ಆ ಲೋಹದ ಕಣ್ಣಿನವನು ಬಂದು ನಿಂತಾಗ, ಮೆಚ್ಚಿನ ವೀರ ಮರಳಿ ಬಂದನೆಂಬ ಶಿಳ್ಳೆಯನ್ನು ಮೀರಿ ಅವನಿಗೆ ಇನ್ನೇನಾದರೂ ದಕ್ಕುವಂತೆ ಮಾಡುವುದು ಆ ನಿರ್ದೇಶಕರ ಕಷ್ಟದ ಕೆಲಸವಾಗಲಿದೆ.